ಓಟದ ತೂಕ ಎಷ್ಟು? – ವ್ಯಾಯಾಮವನ್ನು ಅಳೆದವರ ಕಥೆ



ಅಕ್ಕಿಯನ್ನು ಕಿಲೋದಲ್ಲಿ ಅಳೆಯುತ್ತೇವೆ, ಬಟ್ಟೆಯನ್ನು ಮೀಟರಿನಲ್ಲಿ, ಹಾಲನ್ನು ಲೀಟರಿನಲ್ಲಿ. ವ್ಯಾಯಾಮವನ್ನು ಯಾವುದರಲ್ಲಿ ಅಳೆಯಬೇಕು? ನಿಮ್ಮ ದೈಹಿಕ ಶಿಕ್ಷಣ ಶಿಕ್ಷಕರು “ಮೈದಾನಕ್ಕೆ ಐದು ಸುತ್ತು ಹಾಕಿ” ಎಂದಾಗ ಇಡೀ ತರಗತಿ ಓಡುತ್ತದೆ. ಒಬ್ಬಳು ಐದೂ ಸುತ್ತು ಮುಗಿಸಿ ನಗುತ್ತಾ ನೀರು ಕುಡಿಯಲು ಹೋಗುತ್ತಾಳೆ. ಇನ್ನೊಬ್ಬ ಮೂರನೆಯ ಸುತ್ತಿಗೇ ಮಂಡಿ ಹಿಡಿದು ಬಗ್ಗುತ್ತಾನೆ. ಇಬ್ಬರೂ ಓಡಿದ್ದು ಅದೇ ಮೈದಾನದಲ್ಲಿ. ಹಾಗಾದರೆ ಇಬ್ಬರೂ ಹೊತ್ತ ಹೊರೆ ಒಂದೇ ಎನ್ನಬಹುದೇ?

ಕ್ರೀಡಾ ಶರೀರವಿಜ್ಞಾನ ಈ ಪ್ರಶ್ನೆಗೆ ಎರಡು ಮಾತುಗಳಲ್ಲಿ ಉತ್ತರ ಕೊಡುತ್ತದೆ. ಓಡಿದ ದೂರ, ಎತ್ತಿದ ಭಾರ, ಹಾಕಿದ ಬಸ್ಕಿ, ಎಸೆದ ಚೆಂಡು – ಇವೆಲ್ಲ ಹೊರಗಿನ ಹೊರೆ. ಆ ಕೆಲಸಕ್ಕೆ ದೇಹ ತೆತ್ತ ಬೆಲೆ – ಹೃದಯ ಬಡಿತ, ಉಸಿರು, ದಣಿವು – ಒಳಗಿನ ಹೊರೆ. ನಮ್ಮ ಗರಡಿ ಮನೆಗಳಲ್ಲಿ ಉಸ್ತಾದರು ದಂಡ, ಬಸ್ಕಿಗಳನ್ನು ಎಣಿಸುತ್ತಿದ್ದರು. ಅನುಭವಸ್ಥ ಉಸ್ತಾದರ ಕಣ್ಣು ಎಣಿಕೆಯ ಜೊತೆಗೆ ಹುಡುಗನ ಉಸಿರಿನ ಮೇಲೂ ಇರುತ್ತಿತ್ತು. ಆ ಕಣ್ಣಳತೆಯನ್ನು ಅಂಕಿಗೆ ಇಳಿಸಲು ವಿಜ್ಞಾನಕ್ಕೆ ಮೂರು ಶತಮಾನಗಳೇ ಬೇಕಾದವು.

ದೂರದರ್ಶನದ ಕೆಲಸದಲ್ಲಿರುವ ನಮ್ಮಂಥವರಿಗೆ ಈ ವಿಷಯ ಒಂದು ಸವಾಲು. ಕ್ಯಾಮೆರಾ ಓಟಗಾರನ ಕಾಲು, ಬೆವರು, ಮುಖ ಎಲ್ಲವನ್ನೂ ತೋರಿಸುತ್ತದೆ. ಒಳಗೆ ನಡೆಯುತ್ತಿರುವುದು ಮಾತ್ರ ಅದರ ಕಣ್ಣಿಗೆ ಬೀಳದು. ಒಳಗಿನದನ್ನು ಹೊರಗೆ ತಂದವರು ಯಾರು, ಹೇಗೆ ತಂದರು, ಅವರ ಅಂಕಿಗಳನ್ನು ಎಲ್ಲಿಯವರೆಗೆ ನಂಬಬಹುದು ಎಂಬುದನ್ನು ಈಗ ನೋಡೋಣ.

ನಾಡಿಗೆ ಗಡಿಯಾರ ಸಿಕ್ಕಿದ್ದು

ನಾಡಿ ನೋಡುವುದು ಹಳೆಯ ವಿದ್ಯೆ. ನಮ್ಮ ವೈದ್ಯರೂ ನೋಡುತ್ತಿದ್ದರು, ಗ್ರೀಕರೂ ಚೀನೀಯರೂ ನೋಡುತ್ತಿದ್ದರು. ಆದರೆ ಅದನ್ನು ನಿಮಿಷಕ್ಕೆ ಇಷ್ಟು ಎಂದು ಎಣಿಸಲು ನಿಮಿಷವನ್ನು ತೋರಿಸುವ ಸಾಧನ ಬೇಕಷ್ಟೆ. 17ನೇ ಶತಮಾನದ ಆರಂಭದಲ್ಲಿ ಇಟಲಿಯ ವೈದ್ಯ ಸಾಂಟೋರಿಯೋ ಒಂದು ಲೋಲಕ ಬಳಸಿದ. ಲೋಲಕದ ತೂಗಾಟ ರೋಗಿಯ ನಾಡಿಗೆ ಹೊಂದುವವರೆಗೆ ದಾರವನ್ನು ಉದ್ದ ಅಥವಾ ಗಿಡ್ಡ ಮಾಡುವುದು, ಆಮೇಲೆ ದಾರದ ಉದ್ದವನ್ನು ಅಳೆಯುವುದು – ಇದು ಅವನ ಉಪಾಯ. 1707ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್ ಸರಿಯಾಗಿ ಒಂದು ನಿಮಿಷ ಓಡಿ ನಿಲ್ಲುವ ಗಡಿಯಾರದ ಬಗ್ಗೆ ಪುಸ್ತಕ ಪ್ರಕಟಿಸಿದ. ನಾಡಿ ಅಂಕಿಯಾಯಿತು.

ಉಸಿರನ್ನು ಅಂಕಿಯಾಗಿಸಿದವನು ಫ್ರಾನ್ಸಿನ ಲವಾಸಿಯೆ. ಆಮ್ಲಜನಕದ ಪಾತ್ರವನ್ನು ಜಗತ್ತಿಗೆ ತಿಳಿಸಿದ ಇದೇ ವಿಜ್ಞಾನಿ 1789-90ರ ಸುಮಾರಿಗೆ ತನ್ನ ಸಹಾಯಕ ಸೆಗೆನ್‌ನನ್ನೇ ಪ್ರಯೋಗಕ್ಕೆ ಕೂರಿಸಿದ. ಸೆಗೆನ್ ಮುಖಕ್ಕೆ ಮುಸುಕು ಕಟ್ಟಿಕೊಂಡು ಸುಮ್ಮನೆ ಕೂತಾಗ ಎಷ್ಟು ಆಮ್ಲಜನಕ ಖರ್ಚಾಗುತ್ತದೆ, ಕೆಲಸ ಮಾಡಿದಾಗ ಎಷ್ಟು ಎಂದು ಅಳೆದರು. ಕೆಲಸ ಹೆಚ್ಚಿದಂತೆ ಆಮ್ಲಜನಕದ ಖರ್ಚೂ ಏರಿತು, ನಾಡಿಯೂ ಏರಿತು. ಈ ಎರಡು ಒಟ್ಟಿಗೆ ಏರುತ್ತವೆ ಎಂಬ ಮಾತೇ ಮುಂದಿನ ಎಲ್ಲ ಸೂತ್ರಗಳಿಗೆ ತಳಪಾಯ. ಆಮ್ಲಜನಕ ಅಳೆಯಲು ಪ್ರಯೋಗಶಾಲೆ ಬೇಕು, ನಾಡಿ ಎಣಿಸಲು ಎರಡು ಬೆರಳು ಸಾಕು. ಫ್ರಾನ್ಸಿನ ಕ್ರಾಂತಿಯ ಗೊಂದಲದಲ್ಲಿ 1794ರಲ್ಲಿ ಲವಾಸಿಯೆಯ ತಲೆ ಉರುಳಿತು. ಅವನು ಆರಂಭಿಸಿದ ಕೆಲಸ ಪೂರ್ಣವಾಗಲಿಲ್ಲ.

ಬೆನ್ನಿಗೆ ಚೀಲ ಕಟ್ಟಿಕೊಂಡ ಓಟ

1911ರಲ್ಲಿ ಆಕ್ಸ್‌ಫರ್ಡಿನ ಡಗ್ಲಸ್ ಎಂಬ ವಿಜ್ಞಾನಿ ಒಂದು ಚೀಲ ರೂಪಿಸಿದ. ಬಿಟ್ಟ ಉಸಿರನ್ನೆಲ್ಲ ಅದರಲ್ಲಿ ಹಿಡಿದಿಟ್ಟು ಆಮೇಲೆ ಪರೀಕ್ಷಿಸಬಹುದಾಗಿತ್ತು. 1920ರ ದಶಕದ ಆರಂಭದಲ್ಲಿ ಮ್ಯಾಂಚೆಸ್ಟರಿನಲ್ಲಿ ಎ.ವಿ. ಹಿಲ್ ಮತ್ತು ಅವರ ಸಂಗಡಿಗರು ಈ ಚೀಲವನ್ನು ಬೆನ್ನಿಗೆ ಕಟ್ಟಿಕೊಂಡು ಹುಲ್ಲಿನ ಮೇಲೆ ಓಡಿದರು. ಹಿಲ್ ಸ್ವತಃ ಒಳ್ಳೆಯ ಓಟಗಾರರು. ಅನೇಕ ಪ್ರಯೋಗಗಳಿಗೆ ಅವರ ದೇಹವೇ ಪ್ರಯೋಗಶಾಲೆ.

ಅವರು ಕಂಡದ್ದು ಇದು: ವೇಗ ಹೆಚ್ಚಿದಂತೆ ಆಮ್ಲಜನಕದ ಬಳಕೆ ಏರುತ್ತಾ ಹೋಗುತ್ತದೆ. ಆದರೆ ಒಂದು ಮಟ್ಟಕ್ಕೆ ಬಂದ ಮೇಲೆ ಎಷ್ಟು ವೇಗ ಹೆಚ್ಚಿಸಿದರೂ ಅದು ಏರುವುದಿಲ್ಲ. ಹಿಲ್ ಅವರ ವಿಷಯದಲ್ಲಿ ಆ ಮಟ್ಟ ನಿಮಿಷಕ್ಕೆ ಸುಮಾರು 4 ಲೀಟರ್ ಇತ್ತು. ಪ್ರತಿಯೊಬ್ಬರಿಗೂ ಇಂಥದೊಂದು ಗರಿಷ್ಠ ಮಿತಿ ಇದೆ ಎಂಬುದು ಗೊತ್ತಾದ ಮೇಲೆ ವ್ಯಾಯಾಮದ ತೀವ್ರತೆಗೆ ಒಂದು ಅರ್ಥ ಬಂತು. ನಿಮ್ಮ ಗರಿಷ್ಠದಲ್ಲಿ ಎಷ್ಟು ಪಾಲನ್ನು ಈಗ ಬಳಸುತ್ತಿದ್ದೀರಿ ಎಂಬುದೇ ತೀವ್ರತೆ. ಇಬ್ಬರು ಒಂದೇ ವೇಗದಲ್ಲಿ ಓಡಿದರೂ ಒಬ್ಬರು ತಮ್ಮ ಗರಿಷ್ಠದ ಅರ್ಧದಲ್ಲಿ, ಇನ್ನೊಬ್ಬರು ಮುಕ್ಕಾಲಿನಲ್ಲಿ ಇರಬಹುದು.

ಸ್ನಾಯುಗಳ ಕುರಿತ ಸಂಶೋಧನೆಗೆ ಹಿಲ್ ಅವರು ಜರ್ಮನಿಯ ಮೇಯರ್‌ಹಾಫ್ ಅವರೊಡನೆ 1922ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇವರೇ ಭಾರತಕ್ಕೂ ಬಂದು ಇಲ್ಲಿನ ವೈಜ್ಞಾನಿಕ ಸಂಶೋಧನೆಯ ಸ್ಥಿತಿಗತಿ ಕುರಿತು 1944ರಲ್ಲಿ ವರದಿ ಕೊಟ್ಟರು ಎಂಬುದು ನೆನಪಿಡಬೇಕಾದ ಸಂಗತಿ.

ಮೈದಾನಕ್ಕೆ ಬಂದ ನಾಡಿ

ಚೀಲ ಕಟ್ಟಿಕೊಂಡು ದಿನವೂ ಅಭ್ಯಾಸ ಮಾಡಲಾದೀತೇ? 1930ರ ದಶಕದಲ್ಲಿ ಜರ್ಮನಿಯಲ್ಲಿ ತರಬೇತುದಾರ ಗೆರ್ಶ್ಲರ್ ಮತ್ತು ಹೃದಯ ತಜ್ಞ ರೈಂಡೆಲ್ ನಾಡಿಯನ್ನೇ ಅಳತೆಗೋಲಾಗಿ ಹಿಡಿದರು. ಓಟಗಾರ ವೇಗವಾಗಿ ಓಡಿ ನಾಡಿಯನ್ನು 180ರ ಸುಮಾರಿಗೆ ಏರಿಸಬೇಕು. ಆಮೇಲೆ ವಿರಾಮ. ನಾಡಿ 120ರ ಆಸುಪಾಸಿಗೆ ಇಳಿದ ಮೇಲೆ ಮತ್ತೆ ಓಟ. ಒಂದೂವರೆ ನಿಮಿಷದಲ್ಲಿ ನಾಡಿ ಇಳಿಯದಿದ್ದರೆ ಹೊರೆ ಹೆಚ್ಚಾಯಿತೆಂದು ಅರ್ಥ. ಎಷ್ಟು ಓಡಬೇಕೆಂಬುದನ್ನು ದೇಹದ ಉತ್ತರ ನೋಡಿ ತೀರ್ಮಾನಿಸುವ ಪದ್ಧತಿ ಇದು. ಗೆರ್ಶ್ಲರ್ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರಲ್ಲಿ ಮಿಲಾನಿನಲ್ಲಿ 800 ಮೀಟರ್ ಓಟವನ್ನು 1 ನಿಮಿಷ 46.6 ಸೆಕೆಂಡುಗಳಲ್ಲಿ ಮುಗಿಸಿದ. ಆ ವಿಶ್ವದಾಖಲೆ 1955ರವರೆಗೂ ಉಳಿಯಿತು. ಹಾರ್ಬಿಗ್ ಮಾತ್ರ ಉಳಿಯಲಿಲ್ಲ. 1944ರಲ್ಲಿ ಯುದ್ಧರಂಗದಲ್ಲಿ ಸತ್ತ.

ಅದೇ ಯುದ್ಧ ಅಮೆರಿಕದಲ್ಲಿ ಇನ್ನೊಂದು ಅಳತೆಗೆ ಕಾರಣವಾಯಿತು. ಸಾವಿರಾರು ಯುವಕರ ದೇಹದಾರ್ಢ್ಯವನ್ನು ಬೇಗ, ಅಗ್ಗವಾಗಿ ಪರೀಕ್ಷಿಸಬೇಕಿತ್ತು. ಹಾರ್ವರ್ಡ್ ದಣಿವಿನ ಪ್ರಯೋಗಶಾಲೆಯ ವಿಜ್ಞಾನಿಗಳು 1943ರಲ್ಲಿ ಪ್ರಕಟಿಸಿದ ಮೆಟ್ಟಿಲು ಪರೀಕ್ಷೆ ಹೀಗಿದೆ: 20 ಅಂಗುಲ ಎತ್ತರದ ಮೆಟ್ಟಿಲನ್ನು ನಿಮಿಷಕ್ಕೆ 30 ಸಲದಂತೆ ಐದು ನಿಮಿಷ ಹತ್ತಿ ಇಳಿಯುವುದು. ಮುಗಿದ ಮೇಲೆ ಕೂತು, ಎರಡನೆಯ, ಮೂರನೆಯ, ನಾಲ್ಕನೆಯ ನಿಮಿಷಗಳ ಮೊದಲ ಅರ್ಧದಲ್ಲಿ ನಾಡಿ ಎಣಿಸುವುದು. ಹತ್ತಿದ ಸೆಕೆಂಡುಗಳನ್ನು 100ರಿಂದ ಗುಣಿಸಿ, ಮೂರೂ ಎಣಿಕೆಗಳ ಮೊತ್ತದ ಎರಡರಷ್ಟರಿಂದ ಭಾಗಿಸಬೇಕು. 300 ಸೆಕೆಂಡು ಪೂರೈಸಿದವರ ನಾಡಿ 80, 65, 55 ಎಂದಿಟ್ಟುಕೊಳ್ಳಿ. ಮೊತ್ತ 200. ಉತ್ತರ 75. ಈ ಅಂಕಿ ಹೆಚ್ಚಿದಷ್ಟೂ ಹೃದಯ ಬೇಗ ಸಾವರಿಸಿಕೊಳ್ಳುತ್ತದೆ ಎಂದರ್ಥ.

ಆರು ವಿದ್ಯಾರ್ಥಿಗಳು ಮತ್ತು ಒಂದು ಸೂತ್ರ

ಈಗ ನಿಮ್ಮ ವಯಸ್ಸಿನವರ ಕಥೆಗೆ ಬರೋಣ. 1957ರಲ್ಲಿ ಫಿನ್ಲೆಂಡಿನ ಮಾರ್ಟಿ ಕಾರ್ವೊನೆನ್ ಮತ್ತು ಇಬ್ಬರು ಸಹೋದ್ಯೋಗಿಗಳು ಒಂದು ಚಿಕ್ಕ ಅಧ್ಯಯನ ಪ್ರಕಟಿಸಿದರು. ಅದರಲ್ಲಿ ಓಡಿದವರು ಆರು ಮಂದಿ ವೈದ್ಯಕೀಯ ವಿದ್ಯಾರ್ಥಿಗಳು, ಎಲ್ಲರೂ ಯುವಕರು. ಚಲಿಸುವ ಪಟ್ಟಿಯ ಮೇಲೆ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ನಾಲ್ಕೈದು ದಿನ, ನಾಲ್ಕು ವಾರ ಓಡಿದರು. ಎಷ್ಟು ಜೋರಾಗಿ ಓಡಿದರೆ ದೇಹ ಸುಧಾರಿಸುತ್ತದೆ ಎಂಬುದು ಪ್ರಶ್ನೆ. ನಾಡಿ ಕಡಿಮೆ ಮಟ್ಟದಲ್ಲೇ ಉಳಿದವರಲ್ಲಿ ಹೇಳಿಕೊಳ್ಳುವ ಬದಲಾವಣೆ ಆಗಲಿಲ್ಲ. ವಿಶ್ರಾಂತಿಯ ನಾಡಿಗೂ ಗರಿಷ್ಠ ನಾಡಿಗೂ ನಡುವಿನ ಅಂತರದಲ್ಲಿ ಶೇಕಡ 60ರಷ್ಟನ್ನು ದಾಟಿದವರಲ್ಲಿ ಬದಲಾವಣೆ ಕಂಡಿತು.

ಇಲ್ಲಿರುವ ಜಾಣತನವನ್ನು ಗಮನಿಸಿ. ಕಾರ್ವೊನೆನ್ ಸೊನ್ನೆಯಿಂದ ಎಣಿಸಲಿಲ್ಲ, ವಿಶ್ರಾಂತಿಯ ನಾಡಿಯಿಂದ ಎಣಿಸಿದರು. ಬದುಕಿರುವ ಯಾರ ನಾಡಿಯೂ ಸೊನ್ನೆ ಆಗಿರುವುದಿಲ್ಲವಲ್ಲ! ಸೂತ್ರ ಹೀಗಿದೆ:

ಗುರಿ ನಾಡಿ = ವಿಶ್ರಾಂತಿಯ ನಾಡಿ + (ಗರಿಷ್ಠ ನಾಡಿ – ವಿಶ್ರಾಂತಿಯ ನಾಡಿ) × ತೀವ್ರತೆ

ಒಂದು ಲೆಕ್ಕ ಮಾಡೋಣ. ಗರಿಷ್ಠ ನಾಡಿ 202, ವಿಶ್ರಾಂತಿಯಲ್ಲಿ 70 ಎಂದಿಟ್ಟುಕೊಳ್ಳಿ. ಅಂತರ 132. ಅದರ ಶೇಕಡ 60 ಎಂದರೆ 79. ಅದಕ್ಕೆ 70 ಕೂಡಿಸಿದರೆ 149. ಇನ್ನೊಬ್ಬಳು ದೂರದ ಓಟಗಾರ್ತಿ, ವಿಶ್ರಾಂತಿಯ ನಾಡಿ 50, ಗರಿಷ್ಠ ಅದೇ 202. ಅವಳ ಗುರಿ 141. ಬರೀ ಗರಿಷ್ಠದ ಶೇಕಡ 60 ಎಂದು ಲೆಕ್ಕ ಹಾಕಿದ್ದರೆ ಇಬ್ಬರಿಗೂ 121 ಬರುತ್ತಿತ್ತು. ‘ಶೇಕಡ 60’ ಎಂಬ ಒಂದೇ ಮಾತು ಯಾವುದರ ಶೇಕಡ ಎಂದು ಕೇಳದೆ ಹೋದರೆ 28 ಬಡಿತಗಳಷ್ಟು ದಾರಿ ತಪ್ಪಿಸುತ್ತದೆ.

220 ಎಲ್ಲಿಂದ ಬಂತು?

ಆ 202 ಎಲ್ಲಿಂದ ಬಂತು ಎಂದು ನಿಮ್ಮಲ್ಲಿ ಕೆಲವರು ಆಗಲೇ ಕೇಳಿರಬೇಕು. ವ್ಯಾಯಾಮ ಶಾಲೆಗಳ ಗೋಡೆಯ ಮೇಲೆ ಉತ್ತರವಿದೆ: 220ರಿಂದ ವಯಸ್ಸನ್ನು ಕಳೆಯಿರಿ. 18 ವರ್ಷದವರಿಗೆ 202.

ಈ ಸೂತ್ರದ ಹುಟ್ಟು ಬಹಳ ಸಾಮಾನ್ಯವಾದದ್ದು. 1970ರ ಸುಮಾರಿಗೆ ಅಮೆರಿಕದ ಸ್ಯಾಮ್ಯುಯೆಲ್ ಫಾಕ್ಸ್ ಮತ್ತು ವಿಲಿಯಂ ಹ್ಯಾಸ್ಕೆಲ್ ಎಂಬ ವೈದ್ಯವಿಜ್ಞಾನಿಗಳು ಹೃದ್ರೋಗ ತಡೆಯಲು ವ್ಯಾಯಾಮ ಎಷ್ಟಿರಬೇಕೆಂದು ಯೋಚಿಸುತ್ತಿದ್ದರು. ಆಗ ದೊರೆತಿದ್ದ ಹತ್ತರಷ್ಟು ಅಧ್ಯಯನಗಳ ಅಂಕಿಗಳನ್ನು ನಕ್ಷೆಯ ಮೇಲೆ ಗುರುತಿಸಿ, ನಡುವೆ ಒಂದು ಗೆರೆ ಎಳೆದರು. 1971ರಲ್ಲಿ ಅದು ಅಚ್ಚಾಯಿತು. ಅದು ಒಂದು ಅಂದಾಜಿನ ಗೆರೆ. ಪ್ರತಿಯೊಬ್ಬರ ತರಬೇತಿಯನ್ನೂ ಆಳುವ ಕಾನೂನಾಗಬೇಕೆಂದು ತಾವು ಎಂದೂ ಬಯಸಿರಲಿಲ್ಲವೆಂದು ಹ್ಯಾಸ್ಕೆಲ್ ಅವರೇ ಮುಂದೆ ಹೇಳಿದರು. ಆದರೆ ಲೆಕ್ಕ ಸುಲಭ, ನೆನಪಿಗೆ ಸುಲಭ. ಗೆರೆ ಕಾನೂನಾಗಿಯೇ ಬಿಟ್ಟಿತು.

2001ರಲ್ಲಿ ತನಾಕ ಮತ್ತು ಸಂಗಡಿಗರು 351 ಅಧ್ಯಯನಗಳ 18,712 ಜನರ ಅಂಕಿಗಳನ್ನು ಒಟ್ಟುಗೂಡಿಸಿ ಹೊಸ ಗೆರೆ ಎಳೆದರು: 208ರಿಂದ ವಯಸ್ಸಿನ ಹತ್ತರಲ್ಲಿ ಏಳು ಪಾಲು ಕಳೆಯಿರಿ. 40 ವರ್ಷದವರಿಗೆ ಎರಡೂ ಸೂತ್ರ 180 ಎನ್ನುತ್ತವೆ. 20 ವರ್ಷದವರಿಗೆ ಹಳೆಯದು 200 ಎಂದರೆ ಹೊಸದು 194. 60 ವರ್ಷದವರಿಗೆ ಹಳೆಯದು 160, ಹೊಸದು 166. 2010ರಲ್ಲಿ ಷಿಕಾಗೋದಲ್ಲಿ 5,437 ಮಹಿಳೆಯರನ್ನು ಪರೀಕ್ಷಿಸಿದ ಮಾರ್ತಾ ಗುಲಾಟಿ ಮತ್ತು ಸಂಗಡಿಗರು ಮಹಿಳೆಯರಿಗೆ ಬೇರೆಯೇ ಗೆರೆ ಎಳೆದರು: 206ರಿಂದ ವಯಸ್ಸಿನ 0.88 ಪಾಲು ಕಳೆಯುವುದು. 50 ವರ್ಷದ ಮಹಿಳೆಗೆ ಅದು 162. ಹಳೆಯ ಸೂತ್ರ ಅವಳಿಂದ 170 ನಿರೀಕ್ಷಿಸುತ್ತದೆ. ಅದನ್ನು ಮುಟ್ಟಲಾಗದ ಆರೋಗ್ಯವಂತ ಮಹಿಳೆಯ ಹೃದಯದಲ್ಲೇ ದೋಷವಿದೆ ಎಂದು ವೈದ್ಯರು ಶಂಕಿಸುವ ಸಂಭವವಿತ್ತು. ಒಂದು ಗೆರೆಯ ಪರಿಣಾಮ ಎಲ್ಲಿಯವರೆಗೆ ಹೋಗುತ್ತದೆ ನೋಡಿ.

ಹೊಸ ಗೆರೆಗಳೂ ಸರಾಸರಿಯ ಗೆರೆಗಳೇ. ಒಂದೇ ವಯಸ್ಸಿನವರಲ್ಲಿ ಗರಿಷ್ಠ ನಾಡಿ ಸರಾಸರಿಯಿಂದ ಹತ್ತು ಹನ್ನೆರಡು ಬಡಿತ ಆಚೀಚೆ ಇರುವುದು ತೀರ ಸಾಮಾನ್ಯ. ಕೆಲವರಲ್ಲಿ ಇಪ್ಪತ್ತೂ ಇರಬಹುದು. ಗರಿಷ್ಠ ನಾಡಿ 182 ಇರುವ ಹುಡುಗನಿಗೆ ಗೋಡೆಯ ಮೇಲಿನ 202ರ ಶೇಕಡ 90ನ್ನು ಮುಟ್ಟು ಎಂದರೆ, ಪಾಪ, ಅವನು ಪ್ರಾಣ ಬಿಟ್ಟು ಓಡಿದರೂ ಕಷ್ಟ.

ಕೇಳಿ ತಿಳಿಯುವ ದಾರಿ

ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ 1960ರ ದಶಕದಲ್ಲಿ ಬೇರೆಯೇ ದಾರಿ ಹಿಡಿದರು. ಯಂತ್ರಕ್ಕಿಂತ ಮೊದಲು ಮನುಷ್ಯನನ್ನೇ ಕೇಳೋಣ ಎಂದರು. ಅವರ ಪಟ್ಟಿ 6ರಿಂದ ಆರಂಭವಾಗಿ 20ಕ್ಕೆ ಮುಗಿಯುತ್ತದೆ. 6 ಎಂದರೆ ಶ್ರಮವೇ ಇಲ್ಲ, 13 ಎಂದರೆ ಸ್ವಲ್ಪ ಕಷ್ಟ, 20 ಎಂದರೆ ಇನ್ನು ಸಾಧ್ಯವೇ ಇಲ್ಲ. 6ರಿಂದ ಏಕೆ? ಆರೋಗ್ಯವಂತ ಯುವಕರಲ್ಲಿ ಆ ಅಂಕಿಯನ್ನು 10ರಿಂದ ಗುಣಿಸಿದರೆ ಸುಮಾರಾಗಿ ಆಗಿನ ನಾಡಿ ಬರಲಿ ಎಂದು. 13 ಎಂದವರ ನಾಡಿ 130ರ ಆಸುಪಾಸಿನಲ್ಲಿರುತ್ತದೆ. ನಾಡಿಯನ್ನು ತಗ್ಗಿಸುವ ಔಷಧಿ ಸೇವಿಸುವ ಹೃದ್ರೋಗಿಗಳಿಗೆ ನಾಡಿಯ ಸೂತ್ರ ಉಪಯೋಗಕ್ಕೆ ಬರುವುದಿಲ್ಲ. ಅವರ ಪಾಲಿಗೆ ಬೋರ್ಗ್ ಪಟ್ಟಿ ದೊಡ್ಡ ಆಸರೆಯಾಯಿತು.

ತೀವ್ರತೆಯಿಂದ ಹೊರೆಯ ಕಡೆಗೆ

ಇಲ್ಲಿಯವರೆಗೆ ಹೇಳಿದ್ದು ತೀವ್ರತೆಯ ಮಾತು. ಅಂದರೆ ಈ ಕ್ಷಣ ಎಷ್ಟು ಜೋರು ಎಂಬುದು. ಇಡೀ ದಿನದ, ಇಡೀ ತಿಂಗಳ ತರಬೇತಿಯನ್ನು ಒಂದು ಅಂಕಿಯಲ್ಲಿ ಹೇಳಬಹುದೇ? ಕೆನಡಾದ ಎರಿಕ್ ಬ್ಯಾನಿಸ್ಟರ್ 1970ರ ದಶಕದಿಂದ ಇದಕ್ಕೆ ಪ್ರಯತ್ನಿಸಿದರು. ಅಭ್ಯಾಸದ ನಿಮಿಷಗಳನ್ನು ಕಾರ್ವೊನೆನ್ ಅಂತರದ ಪಾಲಿನಿಂದ ಗುಣಿಸುವುದು ಮೊದಲ ಹೆಜ್ಜೆ. ಆದರೆ ತೀವ್ರತೆ ಏರಿದಂತೆ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲದ ಅಂಶ ನೇರ ಗೆರೆಯಲ್ಲಿ ಏರದೆ ಬಿಲ್ಲಿನಂತೆ ಬಾಗಿ ಮೇಲೇರುತ್ತದೆ. ಆದ್ದರಿಂದ ಅವರು ಆ ಬಾಗಿಗೆ ಹೊಂದುವ ಇನ್ನೊಂದು ಗುಣಕವನ್ನು ಸೇರಿಸಿದರು. ಪುರುಷರಿಗೂ ಮಹಿಳೆಯರಿಗೂ ಗುಣಕ ಬೇರೆ ಬೇರೆ. ಪುರುಷರ ಲೆಕ್ಕದಲ್ಲಿ 30 ನಿಮಿಷವನ್ನು ಶೇಕಡ 60ರಲ್ಲಿ ಓಡಿದರೆ ಹೊರೆ ಸುಮಾರು 36. ಅದೇ 30 ನಿಮಿಷ ಶೇಕಡ 90ರಲ್ಲಿ ಓಡಿದರೆ ಸುಮಾರು 97. ತೀವ್ರತೆ ಏರಿದ್ದು ಒಂದೂವರೆ ಪಟ್ಟು, ಹೊರೆ ಏರಿದ್ದು ಎರಡೂವರೆ ಪಟ್ಟಿಗೂ ಹೆಚ್ಚು.

ಬ್ಯಾನಿಸ್ಟರ್ ಹೇಳಿದ ಇನ್ನೊಂದು ಮಾತು ಕ್ರೀಡಾಪಟುಗಳಿಗೆ ಬಹಳ ಬೆಲೆಯುಳ್ಳದ್ದು. ಪ್ರತಿ ಅಭ್ಯಾಸವೂ ಎರಡು ಫಲ ಕೊಡುತ್ತದೆ: ಸಾಮರ್ಥ್ಯ ಮತ್ತು ದಣಿವು. ದಣಿವು ಹೆಚ್ಚಾಗಿ ಏರಿ ಬೇಗ ಇಳಿಯುತ್ತದೆ, ಸಾಮರ್ಥ್ಯ ವಾರಗಟ್ಟಲೆ ಉಳಿಯುತ್ತದೆ. ಸ್ಪರ್ಧೆಯ ದಿನದ ಸಾಧನೆ ಎಂದರೆ ಸಾಮರ್ಥ್ಯದಲ್ಲಿ ದಣಿವನ್ನು ಕಳೆದ ಉಳಿಕೆ. ಸ್ಪರ್ಧೆಗೆ ಮುಂಚಿನ ದಿನಗಳಲ್ಲಿ ಅಭ್ಯಾಸ ತಗ್ಗಿಸಬೇಕೆನ್ನುವುದು ಇದಕ್ಕಾಗಿಯೇ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವವರೂ ಇದನ್ನು ಯೋಚಿಸಬಹುದು.

ಅಮೆರಿಕದ ಕಾರ್ಲ್ ಫಾಸ್ಟರ್ 1990ರ ದಶಕದಲ್ಲಿ ಲೆಕ್ಕವನ್ನು ಎಲ್ಲರ ಕೈಗೆಟಕುವಂತೆ ಮಾಡಿದರು. ಅಭ್ಯಾಸ ಮುಗಿದು ಸುಮಾರು ಅರ್ಧ ಗಂಟೆಯ ಮೇಲೆ “ಇಂದು ಎಷ್ಟು ಕಷ್ಟವಾಯಿತು, ಸೊನ್ನೆಯಿಂದ ಹತ್ತರೊಳಗೆ ಹೇಳು” ಎಂದು ಕೇಳುವುದು, ಉತ್ತರವನ್ನು ನಿಮಿಷಗಳಿಂದ ಗುಣಿಸುವುದು. 60 ನಿಮಿಷ, ಕಷ್ಟ 5. ಹೊರೆ 300. ಅಷ್ಟೇ.

ಫಾಸ್ಟರ್ ವಾರದ ಏಕತಾನತೆಯನ್ನೂ ಅಳೆದರು. ಸೋಮವಾರದಿಂದ ಶನಿವಾರದವರೆಗೆ ದಿನವೂ 300, ಭಾನುವಾರ ರಜೆ – ವಾರದ ಹೊರೆ 1800. ಇನ್ನೊಬ್ಬರು ಒಂದು ದಿನ 500, ಮರುದಿನ 100 ಎಂದು ಬದಲಿಸುತ್ತಾ ಹೋದರೂ ಶನಿವಾರಕ್ಕೆ ಅದೇ 1800. ಸರಾಸರಿಯನ್ನು ಮಾನಕ ವಿಚಲನೆಯಿಂದ ಭಾಗಿಸಿ ನೋಡಿ. ಮೊದಲನೆಯವರ ಏಕತಾನತೆ ಸುಮಾರು 2.4, ಎರಡನೆಯವರದು 1.2. ವಾರದ ಹೊರೆಯನ್ನು ಇದರಿಂದ ಗುಣಿಸಿದರೆ ಬರುವ ಒತ್ತಡ ಮೊದಲನೆಯವರಲ್ಲಿ ಎರಡರಷ್ಟು. ಕ್ರೀಡಾಪಟುಗಳಿಗೆ ಶೀತ, ಜ್ವರದಂಥ ಸಣ್ಣ ಕಾಯಿಲೆಗಳು ಬರುವುದು ಹೆಚ್ಚಾಗಿ ಇಂಥ ಅಂಕಿಗಳು ಅವರವರ ಮಿತಿ ದಾಟಿದಾಗ ಎಂದು ಫಾಸ್ಟರ್ 1998ರಲ್ಲಿ ಬರೆದರು. ದಿನವೂ ಅದದೇ ಹೊರೆ ಹೊರುವವರಿಗೆ ಇದು ಎಚ್ಚರಿಕೆಯ ಮಾತು.

ಯಂತ್ರ ಬಂತು, ಪ್ರಶ್ನೆ ಉಳಿಯಿತು

ಫಿನ್ಲೆಂಡಿನ ಪೋಲಾರ್ ಕಂಪನಿ 1982ರಲ್ಲಿ ಎದೆಪಟ್ಟಿಯಿಂದ ತಂತಿಯಿಲ್ಲದೆ ಕೈಗಡಿಯಾರಕ್ಕೆ ನಾಡಿ ಕಳಿಸುವ ಸಾಧನ ತಂದಿತು. ಓಡುತ್ತಲೇ ನಾಡಿ ನೋಡುವುದು ಸಾಧ್ಯವಾಯಿತು. ಇಂದು ಅಂಥ ಗಡಿಯಾರ ಅನೇಕರ ಮಣಿಕಟ್ಟಿನಲ್ಲಿದೆ. ಕ್ರಿಕೆಟ್ ವೇಗದ ಬೌಲರುಗಳು ವಾರಕ್ಕೆ ಎಸೆಯುವ ಚೆಂಡುಗಳನ್ನೂ ಎಣಿಸುತ್ತಾರೆ. 2014ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಈ ವಾರದ ಹೊರೆಯನ್ನು ಹಿಂದಿನ ನಾಲ್ಕು ವಾರಗಳ ಸರಾಸರಿಗೆ ಹೋಲಿಸಿ, ಹೊರೆ ಒಮ್ಮೆಲೇ ಜಿಗಿದರೆ ಗಾಯದ ಸಂಭವ ಹೆಚ್ಚುತ್ತದೆ ಎಂದರು. ‘ಹೊರೆಯ ನಿರ್ವಹಣೆ’ ಎಂಬ ಮಾತು ಪತ್ರಿಕೆಗಳಿಗೂ ಬಂತು. 2000ದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಗೆ ಗಾಯಗೊಂಡ ಆಟಗಾರರು ಚೇತರಿಕೆಗೆಂದು ಬಂದಾಗಲೆಲ್ಲ ಈ ಮಾತು ಕೇಳಿಬರುತ್ತಿತ್ತು. ಆದರೆ ಆ ಅನುಪಾತದ ಗಣಿತವೇ ಸರಿಯಿಲ್ಲ, ಹೊರೆಯ ಜಿಗಿತವೇ ಗಾಯಕ್ಕೆ ಕಾರಣ ಎನ್ನಲು ಅದು ಸಾಲದು ಎಂದು ಬೇರೆ ಸಂಶೋಧಕರು ಗಟ್ಟಿಯಾಗಿಯೇ ವಾದಿಸಿದ್ದಾರೆ. 220ರ ಕಥೆ ಬೇರೆ ವೇಷದಲ್ಲಿ ಮತ್ತೆ ನಡೆದಂತಿದೆ.

ಇತಿಹಾಸ ನಿಮಗೆ ಕೊಡುವ ಉಪಯೋಗ ಇದೇ. ಯಾವುದಾದರೂ ಸೂತ್ರ ಕಂಡಾಗ ಮೂರು ಪ್ರಶ್ನೆ ಕೇಳಿ. ಯಾರನ್ನು ಅಳೆದು ಇದನ್ನು ಮಾಡಿದರು? ಎಷ್ಟು ಜನರನ್ನು? ಯಾವ ಉದ್ದೇಶಕ್ಕೆ? ಆರು ಯುವಕರಿಂದ ಬಂದ ಸೂತ್ರ ಸುಳ್ಳೇ ಆಗಬೇಕಿಲ್ಲ. ಕಾರ್ವೊನೆನ್ ಲೆಕ್ಕ ಇಂದಿಗೂ ಬಳಕೆಯಲ್ಲಿದೆ. ಆದರೆ ಅದು ನಿಮಗೆ ಎಷ್ಟು ಹೊಂದುತ್ತದೆ ಎಂದು ನೋಡಬೇಕಾದವರು ನೀವು.

ಈ ವಾರ ಒಂದು ಕೆಲಸ ಮಾಡಿ. ಬೆಳಿಗ್ಗೆ ಎದ್ದ ಕೂಡಲೇ, ಹಾಸಿಗೆ ಬಿಡುವ ಮೊದಲು, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ ಬರೆದಿಡಿ. ಸಂಜೆ ಆಟ ಮುಗಿದ ಅರ್ಧ ಗಂಟೆಯ ಮೇಲೆ ಕಷ್ಟ ಎಷ್ಟಿತ್ತೆಂದು ಹತ್ತರೊಳಗೆ ಒಂದು ಅಂಕಿ ಕೊಟ್ಟು, ಆಡಿದ ನಿಮಿಷಗಳಿಂದ ಗುಣಿಸಿ ಅದನ್ನೂ ಬರೆಯಿರಿ. ನಾಲ್ಕು ವಾರದಲ್ಲಿ ನಿಮ್ಮದೇ ಒಂದು ಪಟ್ಟಿ ಸಿದ್ಧವಾಗುತ್ತದೆ. ಬೆಳಗಿನ ನಾಡಿ ಎಂದಿಗಿಂತ ಏಳೆಂಟು ಬಡಿತ ಹೆಚ್ಚಾಗಿ ಎರಡು ಮೂರು ದಿನ ಹಾಗೆಯೇ ಇದ್ದರೆ ಅಭ್ಯಾಸ ತಗ್ಗಿಸಿ, ನಿಮ್ಮ ಶಿಕ್ಷಕರಿಗೆ ಪಟ್ಟಿ ತೋರಿಸಿ. ಎದೆನೋವು, ತಲೆಸುತ್ತು ಕಂಡರೆ ಲೆಕ್ಕ ಹಾಕುತ್ತಾ ಕೂರಬೇಡಿ, ವೈದ್ಯರ ಬಳಿಗೆ ಹೋಗಿ.